ಬಾಣ ತೋರಿಸೋದು ದಿಕ್ಕು, ದಾರಿಯಲ್ಲ: ಚಾರಣಕ್ಕೆ ಕೈ ಜಿಪಿಎಸ್ ಆರಿಸುವುದು, ಬಳಸುವುದು

ವಿಡಿಯೋ ನೋಡಲು ಪುರುಸೊತ್ತಿಲ್ಲದವರಿಗೆ, ಲೋಕಲ್ ಟ್ರೈನಿನಲ್ಲಿ ನಿಂತುಕೊಂಡೇ ಓದುವವರಿಗೆ ಈ ಬರಹರೂಪ. ಮಾತಿನಲ್ಲಿ ಬೇಗ ಬೇಗ ಹೇಳಿ ಮುಗಿಸಿದ ಕೆಲವು ಲೆಕ್ಕಗಳನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೀನಿ.

ಮಳೆಗಾಲ ಶುರುವಾಯ್ತು ಅಂದ್ರೆ ಹಿಂಜವಡಿ, ಖರಾಡಿ, ಪವಾಯಿ, ಐರೋಲಿ ಕಡೆಯ ನಮ್ಮವರಿಗೆಲ್ಲ ಶನಿವಾರ ಸಹ್ಯಾದ್ರಿ ಕರೆಯುತ್ತೆ. ರಾಜಗಡ, ತೋರಣ, ಹರಿಶ್ಚಂದ್ರಗಡ, ಕಳಸೂಬಾಯಿ. ಊರಿನ ಪಶ್ಚಿಮ ಘಟ್ಟದ ಮುಂದುವರಿದ ಭಾಗವೇ ಇದು, ಹಾಗಾಗಿ ಮನೆಯಂಗಳಕ್ಕೆ ಹೋದ ಹಾಗೆ ಹೋಗಿಬಿಡ್ತೀವಿ. ಆದರೆ ಜುಲೈ ತಿಂಗಳ ಮಂಜು ಇಳಿದಾಗ ಹತ್ತು ಅಡಿ ಆಚೆ ಏನಿದೆ ಅಂತ ಕಾಣಲ್ಲ. ಕಾಲುದಾರಿ ಎರಡಾಗುತ್ತೆ, ಹುಲ್ಲು ಸೊಂಟದವರೆಗೆ ಬೆಳೆದಿರುತ್ತೆ, ಫೋನಿನಲ್ಲಿ ನೆಟ್‌ವರ್ಕ್ ಇರಲ್ಲ, ಒದ್ದೆ ಬೆರಳಿಗೆ ಟಚ್‌ಸ್ಕ್ರೀನ್ ಸ್ಪಂದಿಸಲ್ಲ. ಆಗ ಅನ್ನಿಸುತ್ತೆ, ಒಂದು ಜಿಪಿಎಸ್ ಯಂತ್ರ ತಗೊಂಡುಬಿಡೋಣ ಅಂತ.

ತಗೊಳ್ಳಿ, ಬೇಡ ಅನ್ನಲ್ಲ. ಆದರೆ ಮೂರು ಪ್ರಶ್ನೆಗೆ ಮೊದಲು ಉತ್ತರ ಬೇಕು. ನಿಮಗೆ ನಿಜವಾಗಿ ಬೇಕಾ? ಬೇಕಾದರೆ ಯಾವುದು? ತಗೊಂಡ ಮೇಲೆ ಹೇಗೆ ಬಳಸೋದು? ಮೂರನೆಯ ಪ್ರಶ್ನೆಯನ್ನು ಬಹಳ ಜನ ಕೇಳೋದೇ ಇಲ್ಲ, ಜೀವ ಉಳಿಸೋದು ಮಾತ್ರ ಅದೇ.

ಈ ಡಬ್ಬಿ ಒಳಗೆ ಏನು ನಡೆಯುತ್ತೆ?

ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿರುತ್ತವೆ. ಪ್ರತಿಯೊಂದರಲ್ಲೂ ಪರಮಾಣು ಗಡಿಯಾರ ಇದೆ. ಅವು ಮಾಡುವುದು ಒಂದೇ ಕೆಲಸ: "ನಾನು ಇಲ್ಲಿದ್ದೀನಿ, ಈಗ ಸಮಯ ಇಷ್ಟು" ಅಂತ ಸದಾ ಹೇಳುತ್ತಿರುವುದು. ನಿಮ್ಮ ಕೈಯಲ್ಲಿರುವ ಯಂತ್ರ ಅದನ್ನು ಕೇಳಿಸಿಕೊಂಡು, ಸಂದೇಶ ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ಲೆಕ್ಕ ಹಾಕಿ ದೂರ ಕಂಡುಹಿಡಿಯುತ್ತದೆ. ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ 30 ಸೆಂಟಿಮೀಟರ್ ಹೋಗುತ್ತದೆ. ಅಂದರೆ ಸಮಯದ ಲೆಕ್ಕದಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ ದೂರದಲ್ಲಿ 300 ಮೀಟರ್ ತಪ್ಪುತ್ತದೆ. ನಿಮ್ಮ ಯಂತ್ರದ ಗಡಿಯಾರ ಅಗ್ಗದ್ದು, ಅಷ್ಟು ನಿಖರವಾಗಿರಲ್ಲ. ಅದಕ್ಕೇ ಅಕ್ಷಾಂಶ, ರೇಖಾಂಶ, ಎತ್ತರ ಈ ಮೂರಕ್ಕೆ ಮೂರು ಉಪಗ್ರಹ ಸಾಲಲ್ಲ, ಗಡಿಯಾರದ ತಪ್ಪನ್ನು ಬಿಡಿಸಲು ನಾಲ್ಕನೆಯದೂ ಬೇಕು.

ಇನ್ನೊಂದು ಸಂಗತಿ ಕೇಳಿದರೆ ನಮ್ಮ ಐಟಿಯವರಿಗೆ ನಗು ಬರಬಹುದು. ಉಪಗ್ರಹ ತನ್ನ ವಿವರಗಳನ್ನು ಕಳಿಸುವ ವೇಗ ಸೆಕೆಂಡಿಗೆ 50 ಬಿಟ್! ತನ್ನ ಕಕ್ಷೆಯ ನಿಖರ ವಿವರವನ್ನು ಅದು 30 ಸೆಕೆಂಡಿಗೊಮ್ಮೆ ಹೇಳುತ್ತದೆ. ಎಲ್ಲ ಉಪಗ್ರಹಗಳ ಒಟ್ಟು ಪಟ್ಟಿ ಪೂರ್ತಿ ಬರಲು 12.5 ನಿಮಿಷ ಬೇಕು. ಫೋನು ಈ ಮಾಹಿತಿಯನ್ನು ಇಂಟರ್‌ನೆಟ್‌ನಿಂದ ಇಳಿಸಿಕೊಂಡುಬಿಡುತ್ತದೆ, ಆದ್ದರಿಂದ ಊರೊಳಗೆ ಕ್ಷಣದಲ್ಲಿ ಜಾಗ ತೋರಿಸುತ್ತದೆ. ಆರು ತಿಂಗಳು ಕಪಾಟಿನಲ್ಲಿದ್ದ ಕೈ ಜಿಪಿಎಸ್ ಆಕಾಶದಿಂದಲೇ ಕೇಳಿಸಿಕೊಳ್ಳಬೇಕು. ಅದು ತಡ ಮಾಡಿದರೆ ಕೆಟ್ಟಿದೆ ಅಂತಲ್ಲ, ಕೇಳಿಸಿಕೊಳ್ಳುತ್ತಿದೆ ಅಂತ ಅರ್ಥ.

ಇದರಲ್ಲಿ ನಮ್ಮೂರಿನ ಪಾಲೂ ಇದೆ. ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡಿ ಬಂದವರು ಕುಂದಲಹಳ್ಳಿ ಗೇಟ್ ಟ್ರಾಫಿಕ್ ಮರೆತಿರಲ್ಲ ಅಲ್ವಾ? ಜಿಪಿಎಸ್ ಸಂಕೇತದ ತಪ್ಪುಗಳನ್ನು ಭಾರತದ ಮೇಲೆ ತಿದ್ದಿ ಹೇಳುವ 'ಗಗನ್' ವ್ಯವಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರ ಇರುವುದು ಆ ಕುಂದಲಹಳ್ಳಿಯಲ್ಲೇ. ವಿಮಾನಗಳಿಗಾಗಿ ಮಾಡಿದ್ದು, ಆದರೆ ಬಹುಪಾಲು ಕೈ ಜಿಪಿಎಸ್‌ಗಳೂ ಇದನ್ನು ಬಳಸಿಕೊಳ್ಳಬಲ್ಲವು. ಸೆಟ್ಟಿಂಗ್ಸ್‌ನಲ್ಲಿ ಅದು 'ವಾಸ್' ಅಥವಾ 'ಎಸ್‌ಬಿಎಎಸ್' ಅಂತ ಇರುತ್ತೆ. ನಮ್ಮದೇ ಉಪಗ್ರಹಗಳ 'ನಾವಿಕ್' ವ್ಯವಸ್ಥೆಯ ಕೇಂದ್ರ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿದೆ.

ಫೋನ್ ಸಾಲದಾ?

ನೇರವಾಗಿ ಹೇಳ್ತೀನಿ. ವರ್ಷಕ್ಕೆ ಎರಡು ಮೂರು ಸಲ, ಹಗಲಿನಲ್ಲಿ, ಜನ ಓಡಾಡುವ ದಾರಿಯಲ್ಲಿ, ಗುಂಪಿನ ಜೊತೆ ಹೋಗುವವರಿಗೆ ಫೋನ್ ಸಾಕು. ನೆಟ್‌ವರ್ಕ್ ಇಲ್ಲದಿದ್ದರೆ ಫೋನಿನ ಜಿಪಿಎಸ್ ಕೆಲಸ ಮಾಡಲ್ಲ ಅನ್ನೋದು ತಪ್ಪು ತಿಳಿವಳಿಕೆ. ಏರೋಪ್ಲೇನ್ ಮೋಡ್‌ನಲ್ಲೂ ಅದು ಉಪಗ್ರಹಗಳನ್ನು ಕೇಳಿಸಿಕೊಳ್ಳುತ್ತೆ. ಇಲ್ಲವಾಗೋದು ನಕ್ಷೆ ಮಾತ್ರ. ನಕ್ಷೆಯನ್ನು ಮನೆಯಲ್ಲೇ ಇಳಿಸಿಟ್ಟುಕೊಂಡರೆ ಆ ತೊಂದರೆಯೂ ಇಲ್ಲ. ನಿಖರತೆಯಲ್ಲೂ ಈಗಿನ ಒಳ್ಳೆಯ ಫೋನುಗಳು ಕೈ ಜಿಪಿಎಸ್‌ಗಿಂತ ಹಿಂದೆ ಬಿದ್ದಿಲ್ಲ.

ಹಾಗಾದರೆ ಬೇರೆ ಯಂತ್ರ ಯಾಕೆ? ಮೂರು ಕಾರಣ. ಒಂದು, ಬ್ಯಾಟರಿ. ಬೆಟ್ಟದಲ್ಲಿ ಫೋನು ನೆಟ್‌ವರ್ಕ್ ಹುಡುಕಿ ಹುಡುಕಿಯೇ ಸುಸ್ತಾಗುತ್ತೆ, ಮೇಲೆ ಫೋಟೋ, ವಿಡಿಯೋ ಬೇರೆ. ಎರಡು, ಮಳೆ. ಒದ್ದೆ ಕೈಗೆ, ಗ್ಲೌಸ್ ಹಾಕಿದ ಕೈಗೆ ಗುಂಡಿಗಳೇ ಸರಿ. ಮೂರು, ಎಲ್ಲಕ್ಕಿಂತ ಮುಖ್ಯವಾದದ್ದು: ಅಪಾಯ ಆದಾಗ ಕರೆ ಮಾಡಲು ಇರುವ ಸಾಧನ ಫೋನ್ ಒಂದೇ. ದಾರಿ ಹುಡುಕುವ ಕೆಲಸವನ್ನೂ ಅದಕ್ಕೇ ಕೊಟ್ಟು ಸಂಜೆ ಆರಕ್ಕೆ ಅದು ಸತ್ತರೆ, ಎರಡೂ ಒಟ್ಟಿಗೆ ಹೋದವು. ರಾತ್ರಿ ಉಳಿಯುವ ಚಾರಣ, ರಾಜಗಡದಿಂದ ತೋರಣದವರೆಗಿನ ಉದ್ದ ದಿಬ್ಬದ ನಡಿಗೆ, ಮಳೆಗಾಲದ ಕಾಡು, ಹಿಮಾಲಯ ಇವುಗಳಿಗೆ ಹೋಗುವವರಾದರೆ ಪ್ರತ್ಯೇಕ ಯಂತ್ರಕ್ಕೆ ಅರ್ಥ ಇದೆ.

ಅಂಗಡಿಯಲ್ಲಿ ಏನು ನೋಡಬೇಕು?

ಮೊದಲು ಬ್ಯಾಟರಿ. ಗಾರ್ಮಿನ್ ಕಂಪನಿಯ ಇಟ್ರೆಕ್ಸ್ 22ಎಕ್ಸ್, 32ಎಕ್ಸ್ ಎರಡು ಎಎ ಸೆಲ್‌ಗಳಲ್ಲಿ ಸುಮಾರು 25 ಗಂಟೆ ನಡೆಯುತ್ತವೆ ಅಂತ ಕಂಪನಿಯ ಲೆಕ್ಕ. ಜಿಪಿಎಸ್‌ಮ್ಯಾಪ್ 67ರಲ್ಲಿ ಒಳಗೇ ಕೂರಿಸಿದ ಚಾರ್ಜಿಂಗ್ ಬ್ಯಾಟರಿ, ಗರಿಷ್ಠ 180 ಗಂಟೆ ಅನ್ನುತ್ತಾರೆ. ಎರಡಕ್ಕೂ ಅದರದೇ ಅನುಕೂಲ. ಎಎ ಸೆಲ್ ಬೆಟ್ಟದ ಬುಡದ ಕಿರಾಣಿ ಅಂಗಡಿಯಲ್ಲೂ ಸಿಗುತ್ತೆ. ಚಾರ್ಜ್ ಮಾಡುವ ಸೆಲ್ ಹಾಕಿದರೆ ಸೆಟ್ಟಿಂಗ್ಸ್‌ನಲ್ಲಿ ಅದರ ಜಾತಿಯನ್ನು ಸರಿಯಾಗಿ ಆರಿಸಿ, ಇಲ್ಲದಿದ್ದರೆ ಎಷ್ಟು ಉಳಿದಿದೆ ಅಂತ ಯಂತ್ರ ತಪ್ಪು ಹೇಳುತ್ತೆ. ದೆಹಲಿಯಿಂದ ಹಿಮಾಲಯಕ್ಕೆ ಹೋಗುವವರು ಲಿಥಿಯಂ ಎಎ ಸೆಲ್ ಒಯ್ಯಿರಿ. ಮಾಮೂಲಿ ಆಲ್ಕಲೈನ್ ಸೆಲ್ ಚಳಿಯಲ್ಲಿ ಬೇಗ ಸೋಲುತ್ತೆ.

ಎರಡನೆಯದು ದಿಕ್ಸೂಚಿ. ಇದನ್ನು ಬಹಳ ಜನ ಗಮನಿಸಲ್ಲ. ಎಲೆಕ್ಟ್ರಾನಿಕ್ ದಿಕ್ಸೂಚಿ ಇಲ್ಲದ ಯಂತ್ರಕ್ಕೆ ನೀವು ನಿಂತಾಗ ಯಾವ ಕಡೆ ಮುಖ ಮಾಡಿದ್ದೀರಿ ಅಂತ ಗೊತ್ತಾಗಲ್ಲ, ನಡೆದಾಗ ಮಾತ್ರ ಗೊತ್ತಾಗುತ್ತೆ. ಮಂಜಿನಲ್ಲಿ ನಿಂತು ದಾರಿ ಯೋಚಿಸುವವರಿಗೆ ಇದು ದೊಡ್ಡ ಕೊರತೆ. 22ಎಕ್ಸ್‌ನಲ್ಲಿ ಇದು ಇಲ್ಲ, 32ಎಕ್ಸ್‌ನಲ್ಲಿ ಇದೆ, ಜೊತೆಗೆ ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಅಲ್ಟಿಮೀಟರ್ ಕೂಡ. ಎರಡರ ನಡುವೆ ಯೋಚಿಸುತ್ತಿದ್ದರೆ ಇದೇ ಕಾರಣಕ್ಕೆ 32ಎಕ್ಸ್ ಕಡೆ ನನ್ನ ಓಟು.

ಮೂರು, ಪರದೆ ಮತ್ತು ನೀರು. ಬಿಸಿಲಲ್ಲಿ ಓದಲು ಬರುವ ಪರದೆ ಬೇಕು, ಗುಂಡಿಗಳು ಬೇಕು. ಐಪಿಎಕ್ಸ್ 7 ಅಂತ ಬರೆದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತೆ ಅಂತ ಅರ್ಥ, ಮಳೆಗೆ ಅದು ಸಾಕು. ಬ್ಯಾಟರಿ ಮುಚ್ಚಳದ ರಬ್ಬರಿನಲ್ಲಿ ಮಣ್ಣು ಕೂತಿದ್ದರೆ ಮಾತ್ರ ಯಾವ ರೇಟಿಂಗೂ ಕಾಪಾಡಲ್ಲ.

ನಾಲ್ಕು, ಎಷ್ಟು ಉಪಗ್ರಹ ವ್ಯವಸ್ಥೆ, ಎಷ್ಟು ಆವರ್ತನ. ಈಗಿನ ಯಂತ್ರಗಳು ಅಮೆರಿಕದ ಜಿಪಿಎಸ್ ಜೊತೆಗೆ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ ಉಪಗ್ರಹಗಳನ್ನೂ ಕೇಳುತ್ತವೆ. ಕಣಿವೆಯಲ್ಲಿ ಆಕಾಶ ಕಿರಿದಾದಾಗ ಇದು ನಿಜಕ್ಕೂ ಸಹಾಯ. 'ಮಲ್ಟಿಬ್ಯಾಂಡ್' ಅಂತ ಇದ್ದರೆ ಎರಡು ಆವರ್ತನ ಬಳಸಿ, ಬಂಡೆಗೆ ಬಡಿದು ಬರುವ ಸಂಕೇತದಿಂದಾಗುವ ತಪ್ಪನ್ನು ಕಡಿಮೆ ಮಾಡುತ್ತದೆ. ಒಳ್ಳೆಯದೇ, ಆದರೆ ದುಬಾರಿ. ಶುರು ಮಾಡುವವರಿಗೆ ಅನಿವಾರ್ಯ ಅಲ್ಲ.

ಆನ್‌ಸೈಟ್‌ನಿಂದ ಬರುವವರು ಇದನ್ನು ದಯವಿಟ್ಟು ಓದಿ

ಮೇಲೆ ಹೇಳಿದ್ದೆಲ್ಲ ಬರೀ ಕೇಳಿಸಿಕೊಳ್ಳುವ ಯಂತ್ರಗಳು. ಇನ್ನೊಂದು ಜಾತಿ ಇದೆ: ಉಪಗ್ರಹದ ಮೂಲಕ ಮೆಸೇಜ್, ಎಸ್‌ಒಎಸ್ ಕಳಿಸುವಂಥವು. ಗಾರ್ಮಿನ್‌ನ 'ಇನ್‌ರೀಚ್' ಸರಣಿ ಇದಕ್ಕೆ ಉದಾಹರಣೆ. ಅಮೆರಿಕದಲ್ಲಿ ಯಾವ ಅಂಗಡಿಯಲ್ಲಾದರೂ ಸಿಗುತ್ತೆ, ಅಲ್ಲಿ ಟ್ರೆಕ್ ಮಾಡುವವರೆಲ್ಲ ಇಟ್ಟುಕೊಂಡಿರುತ್ತಾರೆ. ಭಾರತದಲ್ಲಿ ಸರ್ಕಾರದ ಅನುಮತಿ ಇಲ್ಲದೆ ಇಂಥ ಉಪಗ್ರಹ ಸಂವಹನ ಸಾಧನ ಇಟ್ಟುಕೊಳ್ಳುವುದು, ಬಳಸುವುದು ಕಾನೂನುಬಾಹಿರ. ವಿಮಾನ ನಿಲ್ದಾಣಗಳಲ್ಲಿ ಇದೇ ಕಾರಣಕ್ಕೆ ಪ್ರವಾಸಿಗಳನ್ನು ತಡೆದು ಪೊಲೀಸರಿಗೆ ಒಪ್ಪಿಸಿದ ಘಟನೆಗಳು ವರದಿಯಾಗಿವೆ.

ಗೊಂದಲ ಎಲ್ಲಿ ಆಗುತ್ತೆ ಅಂದ್ರೆ ಹೆಸರಿನಲ್ಲಿ. ಜಿಪಿಎಸ್‌ಮ್ಯಾಪ್ 67 ಬರೀ ಜಿಪಿಎಸ್. ಅದೇ ಹೆಸರಿನ ಕೊನೆಗೆ 'ಐ' ಅಕ್ಷರ ಸೇರಿದ 67ಐ ಅಂದರೆ ಅದರಲ್ಲಿ ಇನ್‌ರೀಚ್ ಇದೆ. ಒಂದು ಅಕ್ಷರದ ವ್ಯತ್ಯಾಸ. ಅಣ್ಣನಿಗೋ ಸ್ನೇಹಿತನಿಗೋ "ಬರುವಾಗ ಒಂದು ತಗೊಂಡು ಬಾ" ಅಂತ ಹೇಳುವ ಮುನ್ನ ಮಾಡೆಲ್ ಹೆಸರನ್ನು ಪೂರ್ತಿ ಬರೆದು ಕಳಿಸಿ.

ಮನೆಯಲ್ಲಿ, ಶುಕ್ರವಾರ ರಾತ್ರಿ

ಅರ್ಧ ಕೆಲಸ ಇಲ್ಲೇ ಮುಗಿಯಬೇಕು. ಓಪನ್‌ಸ್ಟ್ರೀಟ್‌ಮ್ಯಾಪ್ ಆಧರಿಸಿದ, ಎತ್ತರದ ರೇಖೆಗಳಿರುವ ನಕ್ಷೆಗಳು ಉಚಿತವಾಗಿ ಸಿಗುತ್ತವೆ, ಯಂತ್ರಕ್ಕೆ ಹಾಕಿ. ನೀವು ಹೋಗುವ ದಾರಿಯ ಜಿಪಿಎಕ್ಸ್ ಫೈಲನ್ನೂ ಹಾಕಿ. ಆದರೆ ಯಾರೋ ಹಾಕಿದ ಫೈಲನ್ನು ಕಣ್ಣು ಮುಚ್ಚಿ ನಂಬಬೇಡಿ. ಅವರು ಜನವರಿಯಲ್ಲಿ ನಡೆದ ಹಳ್ಳ ಜುಲೈನಲ್ಲಿ ಜಲಪಾತ ಆಗಿರಬಹುದು. ಅವರೇ ದಾರಿ ತಪ್ಪಿ ತಿರುಗಿದ್ದೂ ಆ ಗೆರೆಯಲ್ಲಿ ಸೇರಿರಬಹುದು. ಎರಡು ಮೂರು ಜನರ ಗೆರೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನಿಜವಾದ ದಾರಿ ಗೊತ್ತಾಗುತ್ತೆ.

ಆಮೇಲೆ ಎರಡು ಸೆಟ್ಟಿಂಗ್. ಮೊದಲನೆಯದು ಡೇಟಮ್: 'ಡಬ್ಲ್ಯೂಜಿಎಸ್ 84' ಇರಲಿ. ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟ್‌ಗಳು 'ಎವರೆಸ್ಟ್' ಡೇಟಮ್ ಮೇಲೆ ಮಾಡಿದವು. ಹಳೆಯ ನಕ್ಷೆಯಿಂದ ಅಂಕಿ ಓದಿ ಹಾಗೇ ಯಂತ್ರಕ್ಕೆ ಹಾಕಿದರೆ ಪುಣೆಯ ಸುತ್ತಮುತ್ತ ನೂರು ಮೀಟರ್‌ಗೂ ಹೆಚ್ಚು ವ್ಯತ್ಯಾಸ ಬರುತ್ತದೆ. ಬಯಲಿನಲ್ಲಿ ಪರವಾಗಿಲ್ಲ, ದಿಬ್ಬದ ಮೇಲೆ ನೂರು ಮೀಟರ್ ಅಂದ್ರೆ ಬೇರೆಯದೇ ಕಣಿವೆ.

ಎರಡನೆಯದು ಅಂಕಿ ಬರೆಯುವ ಕ್ರಮ. ಯಂತ್ರ '18 ಡಿಗ್ರಿ 44.30 ನಿಮಿಷ' ಅಂತ ತೋರಿಸ್ತಿದೆ ಅಂದುಕೊಳ್ಳಿ. ಫೋನಿನಲ್ಲಿ ಕೇಳಿಸಿಕೊಂಡವರು ಅದನ್ನು '44 ನಿಮಿಷ 30 ಸೆಕೆಂಡ್' ಅಂತ ಬರೆದುಕೊಂಡರು. ನಿಮಿಷದ 0.30 ಭಾಗ ಅಂದರೆ 18 ಸೆಕೆಂಡ್, 30 ಅಲ್ಲ. ವ್ಯತ್ಯಾಸ 12 ಸೆಕೆಂಡ್, ನೆಲದ ಮೇಲೆ ಸುಮಾರು 370 ಮೀಟರ್. ಅದನ್ನೇ ಇನ್ನೊಬ್ಬರು 18.4430 ಅಂತ ಮ್ಯಾಪಿನಲ್ಲಿ ಹಾಕಿದರು ಅನ್ನಿ, ಆಗ ಸುಮಾರು 33 ಕಿಲೋಮೀಟರ್ ಆಚೆ ಹುಡುಕುತ್ತಾರೆ! ಹಾಗಾಗಿ ಗುಂಪಿನ ಎಲ್ಲರ ಯಂತ್ರ, ಫೋನುಗಳಲ್ಲೂ ದಶಾಂಶ ಡಿಗ್ರಿ, ಚುಕ್ಕೆಯ ನಂತರ ಐದು ಅಂಕಿ, ಇದೊಂದೇ ಕ್ರಮ ಇಟ್ಟುಕೊಳ್ಳಿ. ಫೋನಿನ ನಕ್ಷೆಗಳಲ್ಲಿ ಹಾಗೇ ಟೈಪ್ ಮಾಡಬಹುದು.

ಬೆಟ್ಟದ ಬುಡದಲ್ಲಿ ಐದು ನಿಮಿಷ

ಗಾಡಿ ನಿಲ್ಲಿಸಿದ ತಕ್ಷಣ, ಚಹಾ ಕುಡಿಯುವ ಮೊದಲೇ, ಯಂತ್ರವನ್ನು ತೆರೆದ ಜಾಗದಲ್ಲಿ ಆನ್ ಮಾಡಿ ಇಡಿ. ಚಹಾ ಮುಗಿಯುವ ಹೊತ್ತಿಗೆ ಅದು ತಯಾರಾಗಿರುತ್ತೆ. ಸೆಲ್ ಬದಲಾಯಿಸಿದ್ದರೆ ದಿಕ್ಸೂಚಿಯನ್ನು ಕ್ಯಾಲಿಬ್ರೇಟ್ ಮಾಡಿ, ಫೋನು ಮತ್ತು ಗಾಡಿಯಿಂದ ಸ್ವಲ್ಪ ದೂರ ನಿಂತು. ಹಳ್ಳಿಯ ಎತ್ತರ ನಕ್ಷೆಯಲ್ಲಿ ಗೊತ್ತಿದ್ದರೆ ಅಲ್ಟಿಮೀಟರಿಗೆ ಅದನ್ನು ಹೇಳಿ. ಒತ್ತಡ ಒಂದು ಮಿಲಿಬಾರ್ ಬದಲಾದರೆ ಎತ್ತರದಲ್ಲಿ 8-9 ಮೀಟರ್ ತಪ್ಪು ಬರುತ್ತೆ. ನೀವು ಕೂತಲ್ಲೇ ಕೂತಿದ್ದರೂ ಹವೆ ಬದಲಾದರೆ ಬೆಟ್ಟ ಹತ್ತಿದ ಹಾಗೆ ತೋರಿಸಬಹುದು.

ಆಮೇಲೆ ಹಳೆಯ ಟ್ರ್ಯಾಕ್ ಅಳಿಸಿ, ಹೊಸದನ್ನು ಶುರು ಮಾಡಿ. ಗಾಡಿ ನಿಂತ ಜಾಗಕ್ಕೆ ವೇಪಾಯಿಂಟ್ ಹಾಕಿ, 'ಗಾಡಿ' ಅಂತಲೇ ಹೆಸರಿಡಿ. ದಾರಿಯುದ್ದಕ್ಕೂ ಕವಲು ಬಂದಲ್ಲೆಲ್ಲ ಒಂದು ಗುರುತು: ನೀರು ಸಿಕ್ಕ ಜಾಗ, ಏಣಿ, ಹಳ್ಳ ದಾಟಿದ ಜಾಗ. 001, 002 ಅಂತ ಬಿಡಬೇಡಿ, ಸಂಜೆ ಸುಸ್ತಾದಾಗ 007 ಏನು ಅಂತ ನೆನಪಿರಲ್ಲ. ಯಂತ್ರವನ್ನು ಪ್ಯಾಂಟ್ ಜೇಬಿನಲ್ಲಿ ಇಡಬೇಡಿ. ಉಪಗ್ರಹದ ಸಂಕೇತ ತುಂಬಾ ಕ್ಷೀಣ, ನಿಮ್ಮ ದೇಹವೇ ಅದಕ್ಕೆ ಗೋಡೆ. ಬ್ಯಾಗಿನ ಭುಜದ ಪಟ್ಟಿಗೆ ಸಿಕ್ಕಿಸಿ.

ಬಾಣದ ಅಪಾಯ

ಇದು ಇಡೀ ಮಾತಿನ ಸಾರ, ನಿಧಾನವಾಗಿ ಓದಿ. ಯಂತ್ರದಲ್ಲಿ 'ಗೋ ಟೂ' ಅಂತ ಒತ್ತಿ 'ಗಾಡಿ' ಆರಿಸಿದರೆ ಒಂದು ಬಾಣ ಬರುತ್ತೆ, ದೂರ ಬರುತ್ತೆ. ಆ ಬಾಣ ತೋರಿಸೋದು ಹಕ್ಕಿ ಹಾರುವ ನೇರ ಗೆರೆ. ನಡುವೆ ಏನಿದೆ ಅಂತ ಅದಕ್ಕೆ ಗೊತ್ತಿಲ್ಲ.

ಸಹ್ಯಾದ್ರಿಯ ಈ ಭಾಗ ಲಾವಾ ಪದರದ ಮೇಲೆ ಪದರ ಕೂತು ಆದದ್ದು. ಹಾಗಾಗಿ ಬೆಟ್ಟ ಇಳಿಜಾರಾಗಿರಲ್ಲ, ಮೆಟ್ಟಿಲು ಮೆಟ್ಟಿಲಾಗಿರುತ್ತೆ: ಒಂದಿಷ್ಟು ಸಮತಟ್ಟು, ಆಮೇಲೆ ನೆಟ್ಟಗೆ ಕಡಿದಾದ ಗೋಡೆ. ಹರಿಶ್ಚಂದ್ರಗಡದ ಕೊಂಕಣ ಕಡಾ ನೋಡಿದವರಿಗೆ ಗೊತ್ತು. ಆ ತುದಿಯಲ್ಲಿ ನಿಂತು ಕೆಳಗಿನ ಬೇಲಪಾಡಾ ಹಳ್ಳಿಗೆ 'ಗೋ ಟೂ' ಒತ್ತಿದರೆ, ಯಂತ್ರ ಕೆಲವೇ ಕಿಲೋಮೀಟರ್ ಅನ್ನುತ್ತೆ, ಬಾಣ ನೇರ ಪ್ರಪಾತದ ಕಡೆ ತಿರುಗುತ್ತೆ. ಸುಳ್ಳು ಹೇಳಿಲ್ಲ ಅದು. ನೀವು ಕೇಳಿದ್ದು ದಿಕ್ಕು, ಅದು ಹೇಳಿದ್ದೂ ದಿಕ್ಕು. ಬಿಸಿಲಲ್ಲಿ ಕಡಾ ಕಾಣುತ್ತೆ, ನಕ್ಕು ತಿರುಗುತ್ತೀರಿ. ಮಂಜಿನಲ್ಲಿ, ಕತ್ತಲಾಗುವ ಹೊತ್ತಿನಲ್ಲಿ, "ಇನ್ನು 400 ಮೀಟರ್ ಅಷ್ಟೇ" ಅನ್ನೋ ಅಂಕಿ ಕಾಲನ್ನು ಎಳೆಯುತ್ತೆ. ಅಪಾಯ ಇರೋದು ಅಲ್ಲಿ.

ಮರಳಿ ಬರಲು ಬಳಸಬೇಕಾದದ್ದು 'ಟ್ರ್ಯಾಕ್‌ಬ್ಯಾಕ್', ಅಂದರೆ ಹತ್ತಿದ ಗೆರೆಯ ಮೇಲೇ ಇಳಿಯುವುದು. ಆ ಗೆರೆಯಲ್ಲಿ ನಿಮ್ಮ ಕಾಲು ಒಮ್ಮೆ ನಿಂತಿದೆ, ಹಾಗಾಗಿ ಅಲ್ಲಿ ನೆಲ ಇದೆ. ಅದಕ್ಕೇ ಬೆಳಗ್ಗೆ ಟ್ರ್ಯಾಕ್ ಶುರು ಮಾಡಿ ಅಂದದ್ದು. ದಾರಿ ತಪ್ಪಿದ ಮೇಲೆ ಆನ್ ಮಾಡಿದ ಜಿಪಿಎಸ್ ನೀವು ಎಲ್ಲಿದ್ದೀರಿ ಅಂತ ಹೇಳುತ್ತೆ. ಹೇಗೆ ಬಂದಿರಿ ಅಂತ ಅದಕ್ಕೆ ತಿಳಿಯಲು ಸಾಧ್ಯವೇ ಇಲ್ಲ.

ಗೆರೆಯನ್ನೂ ಕೂದಲೆಳೆಯಷ್ಟು ನಂಬಬೇಡಿ. ತೆರೆದ ಆಕಾಶದ ಕೆಳಗೆ ಮೂರರಿಂದ ಐದು ಮೀಟರ್ ತಪ್ಪು ಸಹಜ. ಕಡಿದಾದ ಗೋಡೆಯ ಬುಡದಲ್ಲಿ, ಇಕ್ಕಟ್ಟಾದ ಹಳ್ಳದಲ್ಲಿ ಸಂಕೇತ ಬಂಡೆಗೆ ಬಡಿದು ಸುತ್ತಿ ಬರುತ್ತೆ, ತಪ್ಪು ಹಲವು ಪಟ್ಟು ಹೆಚ್ಚುತ್ತೆ. ಊರಿಗೆ ಬಂದಾಗ ಕುಮಾರ ಪರ್ವತಕ್ಕೋ ಕುದುರೆಮುಖಕ್ಕೋ ಹೋಗುವವರಿಗೆ ಒದ್ದೆ ಎಲೆಗಳ ದಟ್ಟ ಚಪ್ಪರವೇ ಅಡ್ಡಿ. ಪರದೆ ಮೇಲೆ 'ನಿಖರತೆ 5 ಮೀ.' ಅಂತ ಬಂದರೆ ಅದು ಯಂತ್ರದ ಅಂದಾಜು, ಗ್ಯಾರಂಟಿ ಅಲ್ಲ. ಅಂಚಿನ ಹತ್ತಿರ ಇದ್ದಾಗ ಪರದೆ ನೋಡಬೇಡಿ, ಕಾಲ ಕೆಳಗೆ ನೋಡಿ.

ಸಿಕ್ಕಿಹಾಕಿಕೊಂಡರೆ

ನಿಲ್ಲಿ. ಕತ್ತಲಲ್ಲಿ ದಾರಿ ಹುಡುಕುತ್ತಾ ಇಳಿಯುವುದಕ್ಕಿಂತ ಒಂದು ರಾತ್ರಿ ಒದ್ದೆಯಾಗಿ ಕೂರುವುದು ವಾಸಿ. ಯಂತ್ರವನ್ನು ಆಕಾಶ ಕಾಣುವ ಕಡೆ ಎರಡು ನಿಮಿಷ ಅಲುಗಿಸದೆ ಹಿಡಿದು ಅಂಕಿಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಫೋನಿನಿಂದ 112ಕ್ಕೆ ಕರೆ ಮಾಡಿ. ಕರೆ ಹೋಗದ ಕಡೆ ಕೆಲವೊಮ್ಮೆ ಎಸ್‌ಎಂಎಸ್ ಹೋಗುತ್ತೆ, ಮನೆಯವರಿಗೆ ಅದೇ ಅಂಕಿ ಕಳಿಸಿ. ಒಂದೊಂದೇ ಅಂಕಿ ಹೇಳಿ, "ಚುಕ್ಕೆ" ಎಲ್ಲಿ ಅಂತ ಹೇಳಿ, ಅವರಿಂದ ಮರಳಿ ಓದಿಸಿ. ಹತ್ತಿರದ ಹಳ್ಳಿಯ ಹೆಸರು, ಯಾವ ದಾರಿಯಿಂದ ಹತ್ತಿದಿರಿ ಅನ್ನೋದನ್ನೂ ಹೇಳಿ. ಹುಡುಕಲು ಬರುವವರು ಹೆಚ್ಚಾಗಿ ಬುಡದ ಹಳ್ಳಿಯವರು, ಲೋಣಾವಳದ ಶಿವದುರ್ಗ ಮಿತ್ರದಂಥ ಸ್ವಯಂಸೇವಕ ತಂಡದವರು. ಅವರಿಗೆ ಅಂಕಿಗಿಂತ ಬೇಗ ಅರ್ಥವಾಗೋದು ಜಾಗದ ಹೆಸರು. ಎರಡೂ ಕೊಟ್ಟರೆ ಒಂದನ್ನೊಂದು ತಾಳೆ ನೋಡಬಹುದು.

ಈ ವಾರದ ಮನೆಗೆಲಸ

ಹೊಸ ಯಂತ್ರವನ್ನು ನೇರ ಬೆಟ್ಟಕ್ಕೆ ಒಯ್ಯಬೇಡಿ. ಪುಣೆಯವರು ವೇತಾಳ ಟೇಕಡಿಗೆ ಹೋಗಿ, ಹೈದರಾಬಾದಿನವರು ಕೆಬಿಆರ್ ಪಾರ್ಕಿಗೆ, ಬೇರೆಯವರು ಹತ್ತಿರದ ಯಾವುದಾದರೂ ದೊಡ್ಡ ಉದ್ಯಾನಕ್ಕೆ. ಗೇಟಿನಲ್ಲಿ ಗುರುತು ಹಾಕಿ, ಅರ್ಧ ಗಂಟೆ ಅಡ್ಡಾದಿಡ್ಡಿ ನಡೆಯಿರಿ. ಮೊದಲು ಬಾಣ ಹಿಡಿದು ಮರಳಲು ನೋಡಿ, ಯಾವ ಬೇಲಿಗೆ ಹೋಗಿ ಮುಟ್ಟುತ್ತೀರಿ ಅಂತ ಗೊತ್ತಾಗುತ್ತೆ. ಆಮೇಲೆ ಟ್ರ್ಯಾಕ್‌ಬ್ಯಾಕ್ ಹಿಡಿದು ಬನ್ನಿ. ಕೊನೆಗೆ ಸ್ನೇಹಿತರೊಬ್ಬರಿಗೆ ಫೋನ್ ಮಾಡಿ ನೀವಿರುವ ಜಾಗದ ಅಂಕಿ ಓದಿ ಹೇಳಿ, ಅವರು ನಕ್ಷೆಯಲ್ಲಿ ಹಾಕಿ ಎಲ್ಲಿ ಬಂತು ಅಂತ ಹೇಳಲಿ. ಈ ಮೂರು ಸರಿಯಾಗಿ ಬಂದರೆ ನಿಮಗೆ ಜಿಪಿಎಸ್ ಬಳಸಲು ಬರುತ್ತೆ. ಹೊಸದು ಕೊಳ್ಳುವ ಮೊದಲು ಫೋನಿನಲ್ಲೇ ಇಷ್ಟನ್ನು ಮಾಡಿ ನೋಡಬಹುದು. ಸಾಕು ಅನ್ನಿಸಿದರೆ ದುಡ್ಡು ಉಳಿಯಿತು.

ಮುಂದಿನ ವಾರ ಕಾಗದದ ನಕ್ಷೆ ಮತ್ತು ಸಾದಾ ದಿಕ್ಸೂಚಿ ಬಗ್ಗೆ ಮಾತಾಡೋಣ, ಬ್ಯಾಟರಿಯೇ ಬೇಡದ ಜೋಡಿ ಅದು. ಅಲ್ಲಿಯವರೆಗೆ, ಬೆಟ್ಟಕ್ಕೆ ಹೊರಡುವ ಮುನ್ನ ಎಲ್ಲಿಗೆ ಹೋಗ್ತಿದ್ದೀರಿ, ಎಷ್ಟು ಹೊತ್ತಿಗೆ ಬರ್ತೀರಿ ಅಂತ ಮನೆಯಲ್ಲಿ ಯಾರಿಗಾದರೂ ಹೇಳಿ ಹೋಗಿ. ಹುಷಾರಾಗಿ ಹೋಗಿ ಬನ್ನಿ, ನಮಸ್ಕಾರ.